ದೇಶಾಂತರದ ಲೆಕ್ಕ

"ಅಮೆರಿಕ ಎಷ್ಟು ದೂರ?" ಎಂದು ನಂಜನಗೂಡಿನ ರಥಬೀದಿಯಲ್ಲಿ ಯಾವ ಗೃಹಸ್ಥರನ್ನು ಕೇಳಿದರೂ ಮೈಲಿಗಳಲ್ಲಿ ಉತ್ತರ ಬರುವುದಿಲ್ಲ, "ಒಂದು ದಿನ, ಹೆಚ್ಚೆಂದರೆ ಒಂದೂವರೆ ದಿನ" ಎಂದೇ ಹೇಳುವರು. ದೂರವನ್ನು ಕೇಳಿದರೆ ಕಾಲವನ್ನು ಹೇಳುವ ಈ ಅಭ್ಯಾಸ ಹೊಸದಲ್ಲ. ನಮ್ಮ ಹಿರಿಯರ ಅಳತೆಗಳೆಲ್ಲ ಇದೇ ಜಾತಿಯವು. ಕೂಗಿದರೆ ಕೇಳುವಷ್ಟು ದೂರ ಕೂಗಳತೆ. ಸಂಸ್ಕೃತದ ಕ್ರೋಶ ಶಬ್ದವೂ ಕೂಗು ಎಂಬರ್ಥದ ಧಾತುವಿನಿಂದಲೇ ಹುಟ್ಟಿದುದು. ಎತ್ತುಗಳನ್ನು ಒಮ್ಮೆ ನೊಗಕ್ಕೆ ಹೂಡಿ ಬಿಚ್ಚುವುದರೊಳಗೆ ಸಾಗುವ ದಾರಿ ಯೋಜನ. ಹರದಾರಿ, ಗಾವುದಗಳನ್ನು ಹೇಳುತ್ತಿದ್ದ ಅಜ್ಜಂದಿರೂ ಸಂಕೋಲೆ ಹಿಡಿದು ನೆಲವನ್ನು ಅಳೆದವರಲ್ಲ. ಹೊತ್ತು ನೋಡಿ ಹೇಳಿದವರು.

ನಂಜನಗೂಡು, ತಿರುಮಕೂಡಲು ನರಸೀಪುರ ಈ ಎರಡು ಊರುಗಳ ಹಳೆಯ ಅಗ್ರಹಾರಗಳಲ್ಲಾಗಲಿ ಹೊಸ ಬಡಾವಣೆಗಳಲ್ಲಾಗಲಿ, ಮಗನೋ ಮಗಳೋ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಇಲ್ಲದ ಬೀದಿ ಈಗ ಅಪರೂಪವಾಗಿದೆ. ಆದುದರಿಂದ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೂ ನಡುವಣ ದೂರವನ್ನೂ, ಅದನ್ನು ಕ್ರಮಿಸಲು ಹಿಡಿಯುವ ಕಾಲವನ್ನೂ ಸ್ವಲ್ಪ ವಿವರವಾಗಿ ವಿಚಾರಮಾಡುವುದು ವಾಚಕರಿಗೆ ನಿರುಪಯುಕ್ತವಾಗಲಾರದೆಂದು ನಂಬಿದ್ದೇನೆ.

ಮೊದಲು ದೂರ. ಗೋಡೆಯ ಮೇಲಿನ ಭೂಪಟವನ್ನು ನೋಡಿದರೆ ಬೆಂಗಳೂರಿನಿಂದ ಪೂರ್ವಕ್ಕೆ ಹೊರಟು ಚೀನಾ, ಜಪಾನುಗಳ ಕೆಳಗೆ ಪೆಸಿಫಿಕ್ ಸಾಗರವನ್ನು ಅಡ್ಡ ಹಾಯುವುದೇ ನೇರವಾದ ದಾರಿಯೆಂದು ತೋರುತ್ತದೆ. ಪಟ ಚಪ್ಪಟೆಯಾದುದು, ಭೂಮಿ ಗೋಳ. ಇದನ್ನು ಮಕ್ಕಳಿಗೆ ತೋರಿಸಬೇಕಾದರೆ ಒಂದು ಚಕ್ಕೋತದ ಹಣ್ಣನ್ನು ತೆಗೆದುಕೊಳ್ಳಬೇಕು. (ನಮ್ಮೂರಿನ ರಸಬಾಳೆ ಎಷ್ಟೇ ಪ್ರಸಿದ್ಧವಾದರೂ ಈ ಕೆಲಸಕ್ಕೆ ಒದಗದು. ಚಕ್ಕೋತಕ್ಕೆ ಹೆಸರಾದ ದೇವನಹಳ್ಳಿಯಲ್ಲಿಯೇ ಬೆಂಗಳೂರಿನ ವಿಮಾನ ನಿಲ್ದಾಣವೂ ಇರುವುದು ಒಂದು ಸೊಗಸಾದ ಯೋಗಾಯೋಗ.) ತೊಟ್ಟನ್ನು ಉತ್ತರ ಧ್ರುವವೆಂದು ಭಾವಿಸಿ, ಹಣ್ಣಿನ ನಡುವಿಗಿಂತ ಸ್ವಲ್ಪ ಮೇಲೆ ಬೆಂಗಳೂರಿಗೆ ಒಂದು ಸೂಜಿ, ಹೆಚ್ಚುಕಡಿಮೆ ಎದುರು ಮಗ್ಗುಲಲ್ಲಿ ಇನ್ನೂ ಸ್ವಲ್ಪ ಮೇಲೆ ಸ್ಯಾನ್ ಫ್ರಾನ್ಸಿಸ್ಕೋವಿಗೆ ಒಂದು ಸೂಜಿ ಚುಚ್ಚಿ, ಎರಡಕ್ಕೂ ದಾರ ಕಟ್ಟಿ ಬಿಗಿಯಾಗಿ ಎಳೆಯಿರಿ. ದಾರ ಹಣ್ಣಿನ ಹೊಟ್ಟೆಯನ್ನು ಸುತ್ತದೆ ಜಾರಿ ತೊಟ್ಟಿನ ಕಡೆಗೆ ಏರುತ್ತದೆ. ಜ್ಯೋತಿಷಿಗಳು ಮಹಾವೃತ್ತವೆನ್ನುವುದು ಇದನ್ನೇ; ಗೋಳದ ಮೇಲೆ ಎರಡು ಬಿಂದುಗಳ ನಡುವೆ ಅತ್ಯಂತ ಹ್ರಸ್ವವಾದ ದಾರಿ ಇದು.

ಬೆಂಗಳೂರಿನ ರೇಖಾಂಶ ಪೂರ್ವಕ್ಕೆ ಸುಮಾರು 77.6 ಅಂಶ, ಸ್ಯಾನ್ ಫ್ರಾನ್ಸಿಸ್ಕೋವಿನದು ಪಶ್ಚಿಮಕ್ಕೆ 122.4 ಅಂಶ. ಕೂಡಿದರೆ 200; ವೃತ್ತದ 360ರಲ್ಲಿ ಕಳೆದರೆ ಇನ್ನೊಂದು ಕಡೆಯಿಂದ 160. ಮಹಾವೃತ್ತದ ಮೇಲೆ ಲೆಕ್ಕ ಮಾಡಿದರೆ ದೂರ 13,993 ಕಿಲೋಮೀಟರು, ಎಂದರೆ ಸುಮಾರು 8,700 ಮೈಲಿ. ದಿಕ್ಸೂಚಿಯ ಒಂದೇ ದಿಕ್ಕನ್ನು ಹಿಡಿದು, ಭೂಪಟದ ಮೇಲೆ ಸರಳವಾಗಿ ಕಾಣುವ ಗೆರೆಯಲ್ಲಿ ಹೋದರಾದರೋ 16,100 ಕಿಲೋಮೀಟರನ್ನು ಮೀರುತ್ತದೆ. ಆ ಹ್ರಸ್ವವಾದ ದಾರ ನೇಪಾಳ, ಟಿಬೆಟ್ಟು, ಮಂಗೋಲಿಯಗಳ ಮೇಲೆ ಹಾದು, ಸೈಬೀರಿಯವನ್ನು ದಾಟಿ, 71ನೆಯ ಅಕ್ಷಾಂಶದವರೆಗೆ ಏರಿ ಹಿಮಸಮುದ್ರವನ್ನು ಮುಟ್ಟಿ, ಅಲಾಸ್ಕದ ಮೇಲೆ ಇಳಿದು ಬರುತ್ತದೆ.

ಇದನ್ನು ಯೋಜನಗಳಲ್ಲಿ ಹೇಳಬಾರದೇ ಎಂದು ಕೇಳುವ ವಾಚಕರೂ ಇರಬಹುದು. ಹೇಳಬಹುದು, ಆದರೆ ಯಾರ ಯೋಜನವೆಂದು ಮೊದಲು ಕೇಳಬೇಕು. ಆರ್ಯಭಟನು ಭೂಮಿಯ ವ್ಯಾಸ 1,050 ಯೋಜನವೆಂದನು. ಭಾಸ್ಕರಾಚಾರ್ಯನು ಸಿದ್ಧಾಂತ ಶಿರೋಮಣಿಯಲ್ಲಿ ಭೂಪರಿಧಿ 4,967 ಯೋಜನವೆಂದನು. ಭೂಮಿ ಬೆಳೆಯಲಿಲ್ಲ, ಇವರು ಹಿಡಿದ ಯೋಜನದ ಅಳತೆಯೇ ಬೇರೆ. ಮೊದಲನೆಯವನ ಯೋಜನ ಸುಮಾರು 12 ಕಿಲೋಮೀಟರು, ಎರಡನೆಯವನದು ಸುಮಾರು 8. ಹೀಗಾಗಿ ನಮ್ಮ ದೂರ ಆರ್ಯಭಟನ ಪ್ರಕಾರ ಸುಮಾರು 1,150 ಯೋಜನ, ಭಾಸ್ಕರನ ಪ್ರಕಾರ ಸುಮಾರು 1,740. ಭೂಪರಿಧಿಯ ಮೂರನೆಯ ಒಂದು ಪಾಲಿಗಿಂತ ಕೊಂಚ ಹೆಚ್ಚೆಂದರೆ ಯಾವ ಆಚಾರ್ಯನಿಗೂ ವಿರೋಧವಿಲ್ಲ.

ಇನ್ನು ಕಾಲ. ಈ ಎರಡು ನಗರಗಳ ನಡುವೆ ಎಲ್ಲಿಯೂ ಇಳಿಯದೆ ಹಾರುವ ಏರ್ ಇಂಡಿಯಾ ಸಂಸ್ಥೆಯ ಸೇವೆ 2021ರ ಜನವರಿಯಲ್ಲಿ ಆರಂಭವಾಯಿತು. ಆ ವರ್ಷ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋವಿನಿಂದ ಹೊರಟ ಮೊದಲ ವಿಮಾನವನ್ನು ನಡೆಸಿದವರು ನಾಲ್ವರು ಸ್ತ್ರೀಯರು: ಕ್ಯಾಪ್ಟನ್ ಜೋಯಾ ಅಗರ್ವಾಲ್, ತನ್ಮೈ ಪಾಪಗಾರಿ, ಆಕಾಂಕ್ಷಾ ಸೋನವರೆ, ಶಿವಾನಿ ಮನ್ಹಾಸ್. ಬೋಯಿಂಗ್ 777 ಜಾತಿಯ ಆ ವಿಮಾನ ಉತ್ತರ ಧ್ರುವಪ್ರದೇಶದ ಮೇಲೆ ಹಾದು, ಸುಮಾರು 17 ಗಂಟೆಗಳ ಕಾಲ ಹಾರಿ, ಜನವರಿ 11ರ ಬೆಳಗಿನ ಜಾವಕ್ಕೆ ದೇವನಹಳ್ಳಿಯಲ್ಲಿ ಇಳಿಯಿತು. ಭಾರತದ ಯಾವ ಸಂಸ್ಥೆಯೂ ಅಲ್ಲಿಯವರೆಗೆ ಅಷ್ಟು ದೂರದ ನೇರ ಪ್ರಯಾಣ ನಡೆಸಿರಲಿಲ್ಲವೆಂದು ಆಗ ಪತ್ರಿಕೆಗಳಲ್ಲಿ ಪ್ರಕಟವಾಯಿತು.

ಈ ಪ್ರಯಾಣದಲ್ಲಿ ಒಂದು ವಿಚಿತ್ರವಿದೆ. ಹೊರಟಾಗ ಅಲ್ಲಿ ರಾತ್ರಿ. ಉತ್ತರಕ್ಕೆ ಏರಿದಂತೆ ರಾತ್ರಿ ಮುಂದುವರಿಯಿತು. ಧ್ರುವದಲ್ಲಿ ಜನವರಿಯಲ್ಲಿ ಸೂರ್ಯನ ದರ್ಶನವೇ ಇಲ್ಲ. ಧ್ರುವವನ್ನು ದಾಟಿ ರಷ್ಯದ ಮೇಲೆ ಇಳಿಯುವ ವೇಳೆಗೆ ನಮ್ಮ ಗೋಳಾರ್ಧದಲ್ಲಿಯೂ ಸೂರ್ಯಾಸ್ತವಾಗಿತ್ತು. ಬೆಂಗಳೂರನ್ನು ಮುಟ್ಟಿದಾಗ ಇನ್ನೂ ಬೆಳಗಾಗಿರಲಿಲ್ಲ. ಎಂದಮೇಲೆ ಆ ಪ್ರಯಾಣಿಕರ ಪಾಲಿಗೆ ಜನವರಿ 10ನೆಯ ತಾರೀಖಿನ ಸೂರ್ಯೋದಯವೆಂಬುದೇ ಆಗಲಿಲ್ಲ! ಉದಯವನ್ನು ಹಿಡಿದು ದಿನವನ್ನು ಎಣಿಸುವ ನಮ್ಮ ಪಂಚಾಂಗಕ್ಕೆ ಇದು ಒಳ್ಳೆಯ ಒಗಟು. ಅಂದಿನ ಪ್ರಾತಃಸಂಧ್ಯೆಯನ್ನು ಅವರಲ್ಲಿ ಯಾರಾದರೂ ಮಾಡಬೇಕೆಂದಿದ್ದರೆ ಯಾವಾಗ ಮಾಡಬೇಕಾಗಿತ್ತು ಎಂಬುದನ್ನು ಪಂಡಿತರಿಗೆ ಬಿಟ್ಟಿದ್ದೇನೆ.

ಸಿದ್ಧಾಂತಗ್ರಂಥಗಳನ್ನು ಓದಿದವರಿಗೆ ಇದರಲ್ಲಿ ಆಶ್ಚರ್ಯಕ್ಕಿಂತ ಸಂತೋಷವೇ ಹೆಚ್ಚು. ಅವು ಉತ್ತರ ಧ್ರುವದಲ್ಲಿ ಮೇರುವನ್ನು ಇಟ್ಟು, ಅಲ್ಲಿರುವ ದೇವತೆಗಳಿಗೆ ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ ಎಂದು ಹೇಳುತ್ತವೆ. ಆ ಹಗಲು ಮಕರ ಸಂಕ್ರಮಣದಿಂದ ಆರಂಭವೆಂದು ಪುರಾಣಿಕರ ಮಾತು, ಮೇಷ ಸಂಕ್ರಮಣದಿಂದ ಎಂದು ಸಿದ್ಧಾಂತಿಗಳ ಲೆಕ್ಕ. ಕಣ್ಣಿಗೆ ಕಾಣುವುದಕ್ಕೆ ಸರಿಹೊಂದುವುದು ಎರಡನೆಯದೇ. ಇನ್ನೂ ಒಂದು ಮಾತು. ಭೂಮಧ್ಯರೇಖೆಯ ಮೇಲೆ ತೊಂಬತ್ತು ತೊಂಬತ್ತು ಅಂಶಗಳ ಅಂತರದಲ್ಲಿ ಲಂಕಾ, ಯಮಕೋಟಿ, ಸಿದ್ಧಪುರ, ರೋಮಕ ಎಂಬ ನಾಲ್ಕು ನಗರಗಳನ್ನು ಕಲ್ಪಿಸಿ, ಲಂಕೆಯಲ್ಲಿ ಸೂರ್ಯೋದಯವಾದಾಗ ಸಿದ್ಧಪುರದಲ್ಲಿ ಸೂರ್ಯಾಸ್ತವೆಂದು ಆರ್ಯಭಟನು ಹೇಳಿದ್ದಾನೆ. ಉಜ್ಜಯಿನಿಯ ರೇಖೆಯನ್ನೇ ಲಂಕೆಯ ರೇಖೆಯೆಂದು ಹಿಡಿದರೆ ಸಿದ್ಧಪುರದ ಸ್ಥಾನದಲ್ಲಿ ಈಗ ಇರುವುದು ಪೆಸಿಫಿಕ್ ಸಾಗರದ ನೀರು. ಆದರೆ ಅಲ್ಲಿಂದ ಈಶಾನ್ಯ ವಾಯವ್ಯಗಳ ಕಡೆಗೆ ಕಣ್ಣು ಹಾಯಿಸಿದರೆ ಸಿಕ್ಕುವ ನೆಲ ನಮ್ಮ ಮಕ್ಕಳು ಉದ್ಯೋಗದಲ್ಲಿರುವ ಅಮೆರಿಕವೇ. ನಾವು ಏಳುವಾಗ ಅವರು ಮಲಗುವ ಸಿದ್ಧತೆಯಲ್ಲಿರುವುದು ಒಂದೂವರೆ ಸಾವಿರ ವರ್ಷಗಳ ಹಿಂದೆಯೇ ಗಣಿತಕ್ಕೆ ಗೊತ್ತಿದ್ದ ಸಂಗತಿ.

ದೂರ ಹೆಚ್ಚಾದರೆ ಕಾಲವೂ ಹೆಚ್ಚಾಗಬೇಕೆಂಬುದು ನೆಲದ ಮೇಲಿನ ನ್ಯಾಯ. ಆಕಾಶದಲ್ಲಿ ಗಾಳಿಯ ನ್ಯಾಯವೂ ಸೇರುತ್ತದೆ. ಒಂಬತ್ತರಿಂದ ಹನ್ನೆರಡು ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಪ್ರವಾಹವೆಂಬ ಮಹಾವಾಯು ಗಂಟೆಗೆ ಇನ್ನೂರು ಕಿಲೋಮೀಟರಿಗೂ ಮೀರಿ ಬೀಸುವುದುಂಟು. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ದಾರಿಯಿಂದ ಪೆಸಿಫಿಕ್ ದಾರಿಗೆ ತಿರುಗಿಸಿತು. ಹೊಸ ದಾರಿ 15,300 ಕಿಲೋಮೀಟರು. ಹಳೆಯದಕ್ಕಿಂತ ಸುಮಾರು 1,400 ಉದ್ದ. ಆದಾಗ್ಯೂ ಬೆನ್ನಗಾಳಿಯ ಬಲದಿಂದ ಹದಿನಾಲ್ಕೂವರೆ ಗಂಟೆಗಳಲ್ಲಿಯೇ ವಿಮಾನ ಗುರಿ ಸೇರಿತು, ಹಳೆಯ ದಾರಿಗಿಂತ ಬೇಗ. ಕಪಿಲೆಯಲ್ಲಿ ಹರಿಗೋಲು ಹಾಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹ್ರಸ್ವವಾದ ದಾರಿಯಲ್ಲಿಯೇ ಸದಾ ಹೋಗಲಾಗದಿರುವುದಕ್ಕೆ ಬೇರೆ ಕಾರಣಗಳೂ ಉಂಟು. ವಿಮಾನದೊಳಗಿನ ವಾಯುವಿನ ಒತ್ತಡ ಕೆಟ್ಟರೆ ಬೇಗನೆ ಮೂರು ಕಿಲೋಮೀಟರು ಎತ್ತರಕ್ಕೆ ಇಳಿಯಬೇಕು. ಹಿಮಾಲಯ, ಟಿಬೆಟ್ಟುಗಳ ಮೇಲೆ ಅಷ್ಟು ಕೆಳಗೆ ಆಕಾಶವೇ ಇಲ್ಲ, ಇರುವುದು ಬೆಟ್ಟ. ಆದುದರಿಂದ ಸುತ್ತಿ ಹೋಗುವುದು ವಾಡಿಕೆ. ಧ್ರುವದ ಕಡೆ ಹೋದರೆ ಇಂಧನ ಹೆಪ್ಪುಗಟ್ಟುವ ಭಯ; ಸಾಮಾನ್ಯವಾದ ವಿಮಾನದ ಎಣ್ಣೆ ಸೊನ್ನೆಗೆ 47 ಡಿಗ್ರಿ ಕೆಳಗೆ ಗಟ್ಟಿಯಾಗತೊಡಗುತ್ತದೆ. ಅಯಸ್ಕಾಂತದ ದಿಕ್ಸೂಚಿಯೂ ಅಲ್ಲಿ ನಂಬತಕ್ಕದ್ದಲ್ಲ. ಅಕಸ್ಮಾತ್ತಾಗಿ ಇಳಿಯಬೇಕಾಗಿ ಬಂದರೆ ಊರು ಯಾವುದು? 2023ರ ಜೂನಿನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋವಿಗೆ ಹೊರಟ ವಿಮಾನವೊಂದು ಎಂಜಿನ್ನಿನ ತೊಂದರೆಯಿಂದ ರಷ್ಯದ ಮಗದಾನ್ ಎಂಬ ದೂರದ ಊರಿನಲ್ಲಿ ಇಳಿಯಿತು. ಪ್ರಯಾಣಿಕರು ಬದಲಿ ವಿಮಾನ ಬರುವವರೆಗೆ ಅಲ್ಲಿಯೇ ಕಾಯಬೇಕಾಯಿತು. ಇವುಗಳ ಜೊತೆಗೆ ರಾಜ್ಯರಾಜ್ಯಗಳ ವೈಮನಸ್ಯ. 2025ರ ಏಪ್ರಿಲಿನಲ್ಲಿ ಪಾಕಿಸ್ತಾನವು ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ಪಶ್ಚಿಮದ ದಾರಿಗಳೆಲ್ಲ ಉದ್ದವಾದುವು. ನೆಲಕ್ಕೆ ಬೇಲಿ ಹಾಕಿದ ಮನುಷ್ಯ ಆಕಾಶಕ್ಕೂ ಹಾಕಿದ್ದಾನೆ.

ಇಷ್ಟಾದರೂ ಹಿಂದಿನವರ ಕಷ್ಟವನ್ನು ನೆನೆದರೆ ದೂರುವ ಬಾಯಿ ಮುಚ್ಚುತ್ತದೆ. 1892ರಲ್ಲಿ ಮೈಸೂರಿಗೆ ಬಂದು ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ಸ್ವಾಮಿ ವಿವೇಕಾನಂದರು ಮರುವರ್ಷ ಮೇ 31ರಂದು ಮುಂಬಯಿಯಲ್ಲಿ ಹಡಗು ಹತ್ತಿ, ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್, ಜಪಾನುಗಳ ಮೇಲೆ ಪೆಸಿಫಿಕ್ ಸಾಗರವನ್ನು ದಾಟಿ, ವ್ಯಾಂಕೂವರ್ ಬಂದರನ್ನು ಸೇರಿದ್ದು ಜುಲೈ 25ರಂದು, ಐವತ್ತೈದು ದಿನಗಳು. ಈಗ ನಮ್ಮ ಮಕ್ಕಳು ಹದಿನೇಳು ಗಂಟೆಗಳ ಪ್ರಯಾಣವನ್ನು ಬಹಳವೆಂದು ಗೊಣಗುತ್ತಾರೆ.

ಕಾಲವೆಂದರೆ ಪ್ರಯಾಣಕ್ಕೆ ಹಿಡಿಯುವ ಕಾಲ ಒಂದು, ಊರೂರಿನ ಗಡಿಯಾರದ ಕಾಲ ಇನ್ನೊಂದು. ಜ್ಯೋತಿಷದಲ್ಲಿ ಈ ಎರಡನೆಯ ವ್ಯತ್ಯಾಸಕ್ಕೆ ಕಾರಣವಾದುದನ್ನೇ ದೇಶಾಂತರವೆನ್ನುವರು. ಇದು ಸಮುದ್ರದಾಚೆ ಮಾತ್ರ ಇರತಕ್ಕದ್ದಲ್ಲ. ನಂಜನಗೂಡಿಗೂ ನರಸೀಪುರಕ್ಕೂ ಪಕ್ಷಿ ಹಾರಿದಂತೆ ಸುಮಾರು 25 ಕಿಲೋಮೀಟರು. ನರಸೀಪುರ ಪೂರ್ವಕ್ಕಿರುವುದರಿಂದ ಅಲ್ಲಿ ಸೂರ್ಯ ಸುಮಾರು ಐವತ್ತು ಸೆಕೆಂಡು ಮುಂಚೆ ಹುಟ್ಟುತ್ತಾನೆ. ಹಳೆಯ ಮಾತಿನಲ್ಲಿ ಎರಡು ವಿಘಳಿಗೆ. ಕಾಶಿಗಿಂತ ಒಂದು ಗುಲಗಂಜಿ ಹೆಚ್ಚೆಂದು ಗುಂಜಾನರಸಿಂಹನ ಊರಿನವರು ಹೇಳಿಕೊಳ್ಳುವಂತೆ, ನಂಜನಗೂಡಿಗಿಂತ ಎರಡು ವಿಘಳಿಗೆ ಮುಂದೆಂದೂ ಹೇಳಿಕೊಳ್ಳಬಹುದು. ಭಾರತದ ಗಡಿಯಾರವೆಲ್ಲ 82½ ಅಂಶದ ರೇಖೆಗೆ ಸೇರಿದ್ದು. ನಮ್ಮ ಊರಿನ ನಿಜವಾದ ಕಾಲ ಅದಕ್ಕಿಂತ ಹೆಚ್ಚುಕಡಿಮೆ ಒಂದು ಘಳಿಗೆ ಹಿಂದೆ. ಸ್ಯಾನ್ ಫ್ರಾನ್ಸಿಸ್ಕೋವಿನ ಗಡಿಯಾರವಾದರೋ ಚಳಿಗಾಲದಲ್ಲಿ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಗೆಯಲ್ಲಿ ಹನ್ನೆರಡೂವರೆ.

ಇದೇ ದೇಶಾಂತರ ಶಬ್ದಕ್ಕೆ ಧರ್ಮಶಾಸ್ತ್ರದಲ್ಲಿ ಬೇರೊಂದು ಅರ್ಥವಿದೆ. ಈ ಲೇಖನವನ್ನು ಬರೆಯಲು ನನ್ನನ್ನು ಪ್ರೇರಿಸಿದುದು ಅದೇ. ದೂರದೇಶದಲ್ಲಿರುವವನು ಬಂಧುವಿನ ಮರಣವನ್ನು ಹತ್ತು ದಿನಗಳೊಳಗೆ ಕೇಳಿದರೆ ಉಳಿದ ದಿನಗಳಷ್ಟು ಆಶೌಚವೆಂದೂ, ಆ ಬಳಿಕ ಕೇಳಿದರೆ ಮೂರು ರಾತ್ರಿಗಳೆಂದೂ ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿದೆ. ತಂದೆತಾಯಿಗಳ ವಿಷಯದಲ್ಲಿ ನಿಬಂಧಕಾರರು ಇನ್ನೂ ಬಿಗಿ. ಹಾಗಾದರೆ ದೇಶಾಂತರವೆಂದರೆ ಎಷ್ಟು ದೂರ? ಅರುವತ್ತು ಯೋಜನವೆಂದು ಕೆಲವರು, ನಲವತ್ತೆಂದು ಕೆಲವರು, ಮೂವತ್ತೆಂದು ಕೆಲವರು. ಮಾತು ಬೇರೆಯಾಗುವಲ್ಲಿ, ಬೆಟ್ಟವೋ ಮಹಾನದಿಯೋ ಅಡ್ಡವಾಗುವಲ್ಲಿ ದೇಶಾಂತರವೆಂದು ಒಂದು ಪಕ್ಷ. ಹತ್ತು ರಾತ್ರಿಗಳಲ್ಲಿ ವಾರ್ತೆ ತಲುಪದಿರುವ ಎಡೆಯೇ ದೇಶಾಂತರವೆಂದು ಮತ್ತೊಂದು ಪಕ್ಷ. ಈ ಕೊನೆಯ ಲಕ್ಷಣದಂತೆ ನೋಡಿದರೆ ಭೂಮಂಡಲದಲ್ಲಿ ಇಂದು ದೇಶಾಂತರವೇ ಇಲ್ಲ. ವಾರ್ತೆ ನಿಮಿಷಮಾತ್ರದಲ್ಲಿ ತಲುಪುತ್ತದೆ. ತಲುಪದಿರುವುದು ಮನುಷ್ಯ.

ಕೆಲವು ವರ್ಷಗಳ ಹಿಂದೆ ಒಂದು ಮಂಗಳವಾರ ಬೆಳಗಿನ ಜಾವ ನರಸೀಪುರದಿಂದ ನನ್ನ ಹಳೆಯ ಶಿಷ್ಯನೊಬ್ಬನು ಫೋನ್ ಮಾಡಿದನು. "ಮೇಷ್ಟ್ರೇ, ಅಮ್ಮ ನಾಲ್ಕು ಗಂಟೆಗೆ ಹೋಗಿಬಿಟ್ಟರು. ಅಣ್ಣ ಬರುತ್ತೇನೆ, ಕಾಯಿರಿ ಎನ್ನುತ್ತಿದ್ದಾನೆ. ಎಷ್ಟು ಹೊತ್ತಾದೀತು, ನೀವೇ ಲೆಕ್ಕ ಹಾಕಿ ಹೇಳಬೇಕು." ಅಲ್ಲಿ ಆಗ ಸೋಮವಾರ ಮಧ್ಯಾಹ್ನ ಎರಡೂವರೆ. ಅಂದೇ ರಾತ್ರಿ ನೇರವಾದ ವಿಮಾನವಿದ್ದು, ಅದರಲ್ಲಿ ಸ್ಥಳವೂ ಸಿಕ್ಕಿದ್ದರೆ ಬುಧವಾರ ಸೂರ್ಯ ಹುಟ್ಟುವುದರೊಳಗೆ ದೇವನಹಳ್ಳಿ, ಎಂಟು ಒಂಬತ್ತು ಗಂಟೆಗೆ ಮನೆ. ಆದರೆ ಅಂದು ಅದು ಇರಲಿಲ್ಲ. ರಾತ್ರಿ ಹತ್ತಕ್ಕೆ ಹೊರಟು ಅರಬ್ಬರ ನಗರವೊಂದರಲ್ಲಿ ಇಳಿದು, ಅಲ್ಲಿ ಆರು ಗಂಟೆ ಕಾದು ಇನ್ನೊಂದು ವಿಮಾನ ಹಿಡಿಯಬೇಕು. ಬೆಂಗಳೂರಿಗೆ ಬುಧವಾರ ಮಧ್ಯಾಹ್ನ, ಮನೆಗೆ ರಾತ್ರಿ ಎಂಟು. ಪ್ರಾಣ ಹೋದಂದಿನಿಂದ ನಲವತ್ತು ಗಂಟೆ. ಸೂರ್ಯಾಸ್ತದ ಮೇಲೆ ದಹನವಿಲ್ಲದಿದ್ದರೆ ಗುರುವಾರದ ಮಾತು.

"ಏನಪ್ಪಾ, ಅಮ್ಮನ ಇಷ್ಟ ಏನಿತ್ತು?" ಎಂದು ಕೇಳಿದೆನು. ಸ್ವಲ್ಪ ಹೊತ್ತು ಮಾತಿಲ್ಲ. ಬಳಿಕ, "ಪೆಟ್ಟಿಗೆಯಲ್ಲಿಟ್ಟು ಕಾಯಿಸಬೇಡಿರೋ ಎಂದು ಎರಡು ಸಲ ಹೇಳಿದ್ದರು" ಎಂದನು. ಮೈಸೂರಿನಿಂದ ಶೀತಪೆಟ್ಟಿಗೆ ತರಿಸುವುದು ಈಗ ನಮ್ಮ ಊರುಗಳಲ್ಲಿಯೂ ಕಷ್ಟವಲ್ಲ. ಕಾಯುವುದು ತಪ್ಪೆಂದು ನಾನು ಹೇಳುವವನೂ ಅಲ್ಲ. ಆದರೆ ಜ್ಯೇಷ್ಠನು ದೂರದಲ್ಲಿದ್ದರೆ ಹತ್ತಿರವಿರುವ ಮಗನು ದಹನ ಮಾಡುವುದಕ್ಕೆ ಶಾಸ್ತ್ರದಲ್ಲಿ ಯಾವ ಅಡ್ಡಿಯೂ ಇಲ್ಲ, ಹಿರಿಯನು ಬಂದ ಮೇಲೆ ಮುಂದಿನ ಕರ್ಮದಲ್ಲಿ ಸೇರಬಹುದು ಎಂದು ಹೇಳಿದೆನು. ಅಂದು ಮೂರು ಗಂಟೆಗೆ ದಹನವಾಯಿತು. ಗುರುವಾರ ಬೆಳಿಗ್ಗೆ ಸಂಚಯನ ಮಾಡಿ, ಕಾವೇರಿ ಕಪಿಲೆಯರು ಕೂಡುವ ಸಂಗಮದಲ್ಲಿ ಅಣ್ಣನೇ ಅಸ್ಥಿಯನ್ನು ಬಿಟ್ಟನು. ನೀರಿನಿಂದ ಮೇಲೆ ಬಂದವನು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಮೇಷ್ಟ್ರೇ, ಅಮ್ಮನಿಗೆ ಬೆಂಕಿ ಇಟ್ಟಾಗ ನನಗೆ ಗಂಟೆ ಎಷ್ಟಾಗಿತ್ತು?" ಲೆಕ್ಕ ಹಾಕಿದರೆ ಅವನು ಆಗ ಆಕಾಶದಲ್ಲಿದ್ದು ಮೂರೂವರೆ ಗಂಟೆ ಕಳೆದಿತ್ತು. ಅಲ್ಲಿ ಯಾವ ಊರಿನ ಗಂಟೆಯನ್ನು ಹೇಳಲಿ? "ಇಲ್ಲಿಯ ಮೂರು ಗಂಟೆಯೇ ನಿನಗೂ ಮೂರು ಗಂಟೆ, ಹಾಗೆಂದೇ ಇಟ್ಟುಕೋ" ಎಂದೆನು.

ಈ ಲೆಕ್ಕದಲ್ಲಿ ಕಡೆಯ ಇನ್ನೂರು ಕಿಲೋಮೀಟರು ಯಾವಾಗಲೂ ಹಟ ಮಾಡುತ್ತದೆ. ಹದಿನಾಲ್ಕು ಸಾವಿರ ಕಿಲೋಮೀಟರನ್ನು ಹದಿನೇಳು ಗಂಟೆಗಳಲ್ಲಿ ದಾಟಿದವರು ದೇವನಹಳ್ಳಿಯಿಂದ ನಂಜನಗೂಡಿಗೆ ಬರಲು ನಾಲ್ಕೈದು ಗಂಟೆ ಕಳೆಯುತ್ತಾರೆ. 2023ರ ಮಾರ್ಚಿಯಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆಯಾದ ಮೇಲೆ ನಡುದಾರಿ ಬೇಗ ಸಾಗುತ್ತದೆ. ಬೆಂಗಳೂರನ್ನು ದಾಟುವುದೇ ಕಷ್ಟ. ಮೈಸೂರಿನಿಂದ ನಂಜನಗೂಡಿಗೆ ಬರುವ ದಾರಿಯಲ್ಲಿ ಮಂಡಕಳ್ಳಿಯ ವಿಮಾನ ನಿಲ್ದಾಣದ ಬೇಲಿಯನ್ನು ಒರಸಿಕೊಂಡೇ ಕಾರು ಸಾಗುತ್ತದೆ. 2010ರಲ್ಲಿ ಹೊಸದಾಗಿ ತೆರೆದಾಗ ಅದರ ಓಟದ ಪಟ್ಟಿಯ ಉದ್ದ 1,740 ಮೀಟರು. ದೇವನಹಳ್ಳಿಯಲ್ಲಿರುವುದು 4,000. ಆ ದೊಡ್ಡ ವಿಮಾನ ಇಲ್ಲಿ ಇಳಿಯಬಾರದೇಕೆ ಎಂದು ಕೇಳುವ ನಮ್ಮ ಊರಿನವರಿಗೆ ಈ ಎರಡು ಅಂಕಿಗಳೇ ಉತ್ತರ.

ದೂರದಲ್ಲಿರುವ ಮಕ್ಕಳು ಪಾಸ್‌ಪೋರ್ಟಿನ ಅವಧಿ ಮುಗಿಯದಂತೆ ನೋಡಿಕೊಳ್ಳುವುದೂ, ಆ ದೇಶದ ಪೌರರಾದವರು ಭಾರತಕ್ಕೆ ಬರುವ ಅನುಮತಿಪತ್ರವನ್ನು ಕೈಯಲ್ಲೇ ಇಟ್ಟುಕೊಳ್ಳುವುದೂ ಅವಶ್ಯ. ವಿಮಾನಕ್ಕಿಂತ ಕಾಗದಗಳಿಗೆ ಹೆಚ್ಚು ಹೊತ್ತು ಹಿಡಿದ ಮನೆಗಳನ್ನು ನಾನು ಕಂಡಿದ್ದೇನೆ. ವರ್ಷಾಬ್ದಿಕದ ತಿಥಿಯನ್ನು ಅವರು ಇಲ್ಲಿಯ ಪಂಚಾಂಗದಿಂದ ತೆಗೆದುಕೊಳ್ಳಬೇಕೋ ಅಲ್ಲಿಯದರಿಂದಲೋ ಎಂದು ಕೇಳುವವರಿಗೆ, ಕರ್ಮ ಮಾಡುವ ಊರಿನ ಸೂರ್ಯನೇ ಪ್ರಮಾಣವೆಂಬುದು ನನ್ನ ಅಭಿಪ್ರಾಯ. ತಿಥಿಯ ಆರಂಭ ಜಗತ್ತಿಗೆಲ್ಲ ಒಂದೇ ಕ್ಷಣದಲ್ಲಿ. ಆದರೆ ನಮಗೆ ಬುಧವಾರ ಬೆಳಿಗ್ಗೆ ಹತ್ತಕ್ಕೆ ಬಂದ ತಿಥಿ ಚಳಿಗಾಲದಲ್ಲಿ ಅವರಿಗೆ ಮಂಗಳವಾರ ರಾತ್ರಿ ಎಂಟೂವರೆಗೆ ಬರುತ್ತದೆ. ಆದುದರಿಂದ ಯುಗಾದಿಯೇ ಅಲ್ಲಿ ಕೆಲವು ವರ್ಷ ಒಂದು ದಿನ ಮುಂಚೆ ಬಂದರೆ ಗಾಬರಿಪಡಬೇಕಾಗಿಲ್ಲ.

ಇನ್ನು ಮಾತನಾಡಲು ಹೊತ್ತು. ನಮ್ಮ ಬೆಳಗಿನ ಏಳು ಗಂಟೆಗೆ ಅಲ್ಲಿ ಹಿಂದಿನ ದಿನದ ಸಾಯಂಕಾಲ ಐದೂವರೆ. ಮಾರ್ಚಿ ಎರಡನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವರು, ಆಗ ಆರೂವರೆ. ನವೆಂಬರ್ ಮೊದಲನೆಯ ಭಾನುವಾರ ಮತ್ತೆ ಹಿಂದಕ್ಕೆ. ಗೋಡೆಯ ಕ್ಯಾಲೆಂಡರಿನಲ್ಲಿ ಈ ಎರಡು ಭಾನುವಾರಗಳ ಮೇಲೆ ಕೆಂಪು ಗುರುತು ಹಾಕಿಟ್ಟುಕೊಂಡರೆ, ಮಗ ಇನ್ನೂ ಕಚೇರಿಯಲ್ಲಿದ್ದಾನೋ ಮನೆಗೆ ಬಂದನೋ ಎಂದು ಫೋನ್ ಹಿಡಿದುಕೊಂಡು ಯೋಚಿಸುವ ತೊಂದರೆ ತಪ್ಪುತ್ತದೆ.